ಪರವಾಗಿಲ್ಲ ಬಿಡಪ್ಪ

ಅಂಗಡಿಯಲ್ಲಿ ಅವಳನ್ನು ಎಲ್ಲರೂ ವಾಪಸಮ್ಮ ಎಂದೇ ಕರೆಯುತ್ತಿದ್ದರು. ಆಟಿಕೆ, ಉಡುಗೊರೆಗಳ ಆ ದೊಡ್ಡ ಅಂಗಡಿಯಲ್ಲಿ ಹೊರಹೋಗುವ ಬಾಗಿಲಿನ ಪಕ್ಕದ ಕೌಂಟರ್ ಅವಳದು. ಕೊಂಡ ಸಾಮಾನು ಬೇಡವಾದವರು ಅಲ್ಲಿಗೆ ಬರಬೇಕು, ಅವಳು "ಯಾಕೆ ವಾಪಸು?" ಎಂದು ಕೇಳಬೇಕು, ಅವರು ಏನಾದರೊಂದು ಸುಳ್ಳು ಹೇಳಬೇಕು. ನಿಜ ಹೇಳುವವರೂ ಇದ್ದರು. "ನಮ್ಮತ್ತೆ ಆರಿಸಿದ್ದು" ಎಂದು ಒಬ್ಬಳು ಕಣ್ಣು ಮಿಟುಕಿಸಿ ಹೇಳಿದ್ದಳು. ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ವಾಪಸಮ್ಮ ಕೇಳಿರಲಿಲ್ಲ.

ವರ್ಷಗಟ್ಟಲೆ ಅಲ್ಲಿ ನಿಂತು ಅವಳಿಗೆ ಒಂದು ವಿಷಯ ಮನದಟ್ಟಾಗಿತ್ತು. ಉಡುಗೊರೆ ಆರಿಸುವವರ ಜೀವ ತಿನ್ನುವುದು ಹನ್ನೊಂದು ಹನ್ನೆರಡರ ಗಂಡುಹುಡುಗರು. ಪೀಪಿ ಊದುವ ಕಾಲ ಮುಗಿದಿದೆ, ಮೀಸೆ ಬರುವ ಕಾಲ ಬಂದಿಲ್ಲ. ಆಟದ ಕಾರು ಕೊಟ್ಟರೆ "ನಾನೇನು ಪಾಪುನಾ?" ಎಂದು ಮೂಗು ಮುರಿಯುತ್ತಾರೆ. ಅಂಗಿ ಕೊಟ್ಟರೆ ಮೋಸಹೋದವರಂತೆ ನೋಡುತ್ತಾರೆ. ಸಾಮಾನ್ಯಜ್ಞಾನದ ಪುಸ್ತಕ ಕೊಟ್ಟ ಮಾವಂದಿರನ್ನಂತೂ ಜೀವಮಾನವಿಡೀ ಕ್ಷಮಿಸುವುದಿಲ್ಲ. ಕ್ರಿಸ್‌ಮಸ್ ಕಳೆದ ಮಾರನೆಯ ದಿನ ಅವಳ ಕೌಂಟರಿನ ಮುಂದೆ ಇಂಥ ಪೊಟ್ಟಣ ಹಿಡಿದ ತಾಯಂದಿರ ಸಾಲು ಬಾಗಿಲಾಚೆಯ ಫುಟ್‌ಪಾತಿನವರೆಗೆ ಹೋಗುತ್ತಿತ್ತು.

ಇಷ್ಟೆಲ್ಲ ಬಲ್ಲ ವಾಪಸಮ್ಮನಿಗೆ ಈ ಸಲ ಕೈಕಾಲೇ ಆಡುತ್ತಿರಲಿಲ್ಲ. ಮನೆಯಲ್ಲಿ ಅದೇ ವಯಸ್ಸಿನವರು ಇಬ್ಬರಿದ್ದರು. ಚಿಕ್ಕವನು ಅವಳ ಹೊಟ್ಟೆಯಲ್ಲಿ ಹುಟ್ಟಿದವನು. ದೊಡ್ಡವನು ಅವಳು ಈ ಬೇಸಿಗೆಯಲ್ಲಿ ಮದುವೆಯಾದ ಲಿಫ್ಟ್ ಮೆಕ್ಯಾನಿಕ್‌ನ ಮಗ. ತಾಯಿ ತೀರಿಕೊಂಡಾಗ ದೊಡ್ಡವನು ಇನ್ನೂ ತೊದಲುತ್ತಿದ್ದ. ಅಂದಿನಿಂದ ಅವನನ್ನು ಸಾಕಿದ್ದು ತಾಯಿಯ ಅಕ್ಕ, ಅಂದರೆ ಅವನ ದೊಡ್ಡಮ್ಮ. ಮದುವೆಯ ನಂತರ ಆಕೆ ಹುಡುಗನನ್ನು ಈ ಮನೆಗೆ ಕಳಿಸಿದ್ದರು, ಆದರೆ ಒಂದು ಮಾತು ಹೇಳಿಯೇ ಕಳಿಸಿದ್ದರು.

"ಕ್ರಿಸ್‌ಮಸ್‌ವರೆಗೂ ಇರಲಿ. ಹಬ್ಬದ ದಿನ ನಾನೇ ಬಂದು ಕೇಳ್ತೀನಿ. ಇರ್ತೀನಿ ಅಂದ್ರೆ ಇರಲಿ, ಬರ್ತೀನಿ ಅಂದ್ರೆ ಕರ್ಕೊಂಡು ಹೋಗ್ತೀನಿ. ಆಮೇಲೆ ಯಾರೂ ನನ್ನನ್ನ ಏನೂ ಅನ್ನಬಾರದು."

ಮೆಕ್ಯಾನಿಕ್ ತಲೆಯಾಡಿಸಿದ್ದ. ಕೆಟ್ಟು ನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಧೈರ್ಯ ಹೇಳುವುದರಲ್ಲಿ ಅವನು ಎತ್ತಿದ ಕೈ; ಸ್ವಂತ ಸಂಸಾರದ ಮಾತು ಬಂದರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆದರೆ ಮಗ ಹೊರಟುಹೋದರೆ ಆ ಮನುಷ್ಯ ಕುಸಿದುಹೋಗುತ್ತಾನೆಂದು ವಾಪಸಮ್ಮನಿಗೆ ಗೊತ್ತಿತ್ತು. ತಾನೂ ಕುಸಿಯುತ್ತೇನೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ನೆತ್ತಿಯ ಮೇಲೆ ಕೂದಲು ನಿಗುರಿಸಿಕೊಂಡು, ಅರ್ಧ ನಿದ್ದೆಯಲ್ಲೇ ಅಡುಗೆಮನೆಗೆ ಬರುವ ಆ ಹುಡುಗನೆಂದರೆ ಅವಳಿಗೆ ಪ್ರಾಣವಾಗಿಬಿಟ್ಟಿತ್ತು.

ಅದಕ್ಕೇ ಅವಳು ಅವನನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ಕಿಟಕಿಯ ಪಕ್ಕದ ಮಂಚ ಅವನಿಗೆ. ಕೋಳಿಯ ತೊಡೆ ಅವನಿಗೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಚಿಕ್ಕವನಿಗೆ ಮಂಗಳಾರತಿ, ಅದೇ ತಪ್ಪಿಗೆ ದೊಡ್ಡವನಿಗೆ "ಪರವಾಗಿಲ್ಲ ಬಿಡಪ್ಪ." ಅವನು ಗಾಜಿನ ಲೋಟ ಒಡೆದಾಗಲೂ ಅದೇ, ಶಾಲೆಗೆ ಚಕ್ಕರ್ ಹೊಡೆದು ಸಿಕ್ಕಿಬಿದ್ದಾಗಲೂ ಅದೇ. ಚಿಕ್ಕವನು ಒಮ್ಮೆ ಮುಖ ಗಂಟು ಹಾಕಿಕೊಂಡು ಕೇಳಿಯೂ ಬಿಟ್ಟ.

"ಅವನಿಗೆ ಮಾತ್ರ ನೀನು ಏನೂ ಅನ್ನಲ್ಲ. ಯಾಕಮ್ಮ?"

"ಮೆತ್ತಗೆ ಮಾತಾಡು, ಕೇಳಿಸುತ್ತೆ ಅವನಿಗೆ" ಎಂದು ಅವಳು ಹಲ್ಲು ಕಚ್ಚಿ ಗದರಿದ್ದಳು.

ಹಬ್ಬಕ್ಕೆ ವಾರವಿರುವಾಗ ಅವಳು ಕೆಲಸ ಮುಗಿಸಿ ಮಹಡಿ ಮಹಡಿ ಸುತ್ತಿದಳು. ಎತ್ತಿಕೊಂಡದ್ದನ್ನೆಲ್ಲ ಕೆಳಗಿಟ್ಟಳು. ಒಂದೊಂದು ಪೆಟ್ಟಿಗೆ ಮುಟ್ಟಿದಾಗಲೂ ಅದನ್ನು ವಾಪಸು ತಂದವರ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಪೊಟ್ಟಣ ಕಟ್ಟುವ ವಿಭಾಗದ ಗೆಳತಿ, ಎಲ್ಲರ ಬಾಯಲ್ಲಿ ರಿಬ್ಬನ್ ರಾಣಿ, ಇವಳ ಪಾಡು ನೋಡಲಾರದೆ ಕತ್ತರಿ ಕೆಳಗಿಟ್ಟಳು.

"ಎರಡು ಫುಟ್‌ಬಾಲ್ ತಗೊಳ್ಳೇ. ಒಂದೇ ಥರದ್ದು. ನಾಳೆ ಜಗಳ ಅಂತ ಬಂದ್ರೆ ನನ್ನ ಕೇಳು."

ಅದೂ ಸರಿಯೇ ಎನಿಸಿತು. ಮೊನ್ನೆ ಅಂಗಡಿಗೆ ಬಂದಿದ್ದಾಗ ಇಬ್ಬರೂ ಚೆಂಡಿನ ಬುಟ್ಟಿಯ ಬಳಿಯೇ ನಿಂತಿದ್ದರು. ಒಂದೇ ಬಣ್ಣದ, ಒಂದೇ ಅಳತೆಯ ಎರಡು ಫುಟ್‌ಬಾಲ್ ಕಟ್ಟಿಸಿಕೊಂಡು ಅವಳು ಹಗುರಾಗಿ ಬಸ್ಸು ಹತ್ತಿದಳು.

ಕೆಡಿಸಿದ್ದು ಬಸ್ಸಿನ ರೇಡಿಯೊ. ಯಾವುದೋ ಬಡಾವಣೆಯವರು ತಮ್ಮ ಚರಂಡಿಯನ್ನು ಯಾರೂ ರಿಪೇರಿ ಮಾಡಿಸುತ್ತಿಲ್ಲವೆಂದು ಕೂಗಾಡುತ್ತಿದ್ದರು. ಪಕ್ಕದ ಬಡಾವಣೆಗೆ ಹೊಸ ಚರಂಡಿ, ತಮಗೆ ಮಾತ್ರ ಮಲತಾಯಿ ಧೋರಣೆ ಎಂದು ವಾರ್ತೆ ಓದುವವಳು ಗಂಟಲು ಸರಿಮಾಡಿಕೊಂಡು ಓದಿದಳು. ವಾಪಸಮ್ಮ ತಟ್ಟನೆ ತಲೆಯೆತ್ತಿದಳು. ಚರಂಡಿ ಕಟ್ಟಿಕೊಂಡರೂ ಮಲತಾಯಿಯದೇ ತಪ್ಪು! ಅನ್ಯಾಯಕ್ಕೆ ಈ ಭಾಷೆಯಲ್ಲಿ ಬೇರೆ ಹೆಸರೇ ಇಲ್ಲವೇನೋ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬಂತು. ಇಬ್ಬರಿಗೂ ಒಂದೇ ಕೊಟ್ಟರೆ, ಅಂಗಡಿಯಲ್ಲೇ ಇರುವವಳು ಸುಲಭಕ್ಕೆ ಸಿಕ್ಕಿದ್ದನ್ನು ಎತ್ತಿ ತಂದಳು ಎನ್ನುವುದಿಲ್ಲವೇ ಆ ದೊಡ್ಡಮ್ಮ? ತಾಯಿಯಿಲ್ಲದ ಮಗುವಿಗೆ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ಬೇಡವೇ? ಮುಂದಿನ ನಿಲ್ದಾಣದಲ್ಲಿ ಇಳಿದು ಅವಳು ದಾಪುಗಾಲು ಹಾಕುತ್ತ ಹಿಂದಿರುಗಿದಳು.

ಅವಳ ಕೌಂಟರಿನಲ್ಲಿ ಆ ಹೊತ್ತಿಗೆ ರಿಬ್ಬನ್ ರಾಣಿ ನಿಂತಿದ್ದಳು. ಚೆಂಡೊಂದನ್ನು ಮುಂದೆ ಚಾಚಿದ ಗೆಳತಿಯನ್ನು ನೋಡಿ, ಬೇಕೆಂದೇ ಬಿಗುವಿನ ಮುಖ ಮಾಡಿಕೊಂಡು ಕೇಳಿದಳು.

"ಯಾಕಮ್ಮ ವಾಪಸು?"

ಸಾವಿರಾರು ಜನರನ್ನು ತಾನು ಕೇಳಿದ ಪ್ರಶ್ನೆ ಅದು. ವಾಪಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಣಿಯ ತಮಾಷೆ ಅರ್ಧಕ್ಕೇ ನಿಂತಿತು.

"ಅಯ್ಯೋ, ಅಳ್ತಿದೀಯೇನೇ? ಕೊಡು ಇಲ್ಲಿ. ಏನು ಬೇಕೋ ತಗೊಂಡು ಹೋಗು."

ಅವಳು ತೆಗೆದುಕೊಂಡದ್ದು ಗಾಜಿನ ಕಪಾಟಿನಲ್ಲಿದ್ದ ಟೆಲಿಸ್ಕೋಪು. ಮೂರು ಕಾಲಿನ ಮೇಲೆ ನಿಲ್ಲುವ ಅದರ ಪೆಟ್ಟಿಗೆಯೇ ಚಿಕ್ಕವನ ಎದೆಮಟ್ಟ ಬರುವಂತಿತ್ತು. "ಇಷ್ಟು ವರ್ಷದಲ್ಲಿ ಒಬ್ಬರೂ ಇದನ್ನ ವಾಪಸು ತಂದಿಲ್ಲ" ಎಂದಳು ವಾಪಸಮ್ಮ.

"ಒಬ್ಬರಾದ್ರೂ ತಗೊಂಡಿದ್ರೆ ತಾನೆ ವಾಪಸು ತರೋದು" ಎಂದಳು ರಾಣಿ. ಆದರೂ ಕಟ್ಟಿಕೊಟ್ಟಳು, ಎರಡೆರಡು ಸುತ್ತು ರಿಬ್ಬನ್ ಹಾಕಿ.

ಹಬ್ಬದ ದಿನ ದೊಡ್ಡಮ್ಮ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಎತ್ತರದ, ಬೆನ್ನು ನೇರವಿಟ್ಟುಕೊಂಡು ಕೂರುವ ಹೆಂಗಸು. ಕುರ್ಚಿಯ ಅಂಚಿನಲ್ಲಿ ಕುಳಿತು ಕೋಣೆಯನ್ನು ಮೂಲೆಮೂಲೆ ಕಣ್ಣಾಡಿಸಿದರು. ವಾಪಸಮ್ಮ ಮೇಜಿನ ಮೇಲೆ ಕೇಕಿಟ್ಟಳು. ಅದರಡಿಯ ಗಾಜಿನ ತಟ್ಟೆ ಅವಳ ತಾಯಿ ಬಳಸುತ್ತಿದ್ದದ್ದು. ಎಷ್ಟೋ ಬಾಡಿಗೆಮನೆ ಬದಲಿಸಿದರೂ ಒಂದು ಚೂರೂ ಮುಕ್ಕಾಗದೆ ಉಳಿದುಕೊಂಡಿತ್ತು.

ಉಡುಗೊರೆ ಬಿಚ್ಚುವ ಹೊತ್ತಾಯಿತು. ಚಿಕ್ಕವನು ಕಾಗದವನ್ನು ಪರಪರ ಹರಿದು ಚೆಂಡು ಎಳೆದುಕೊಂಡ. ದೊಡ್ಡವನು ಒಂದೊಂದೇ ಅಂಟು ಬಿಡಿಸಿ, ಕಾಗದ ಮಡಚಿಟ್ಟು, ಪೆಟ್ಟಿಗೆ ತೆರೆದ. ಚಿಕ್ಕವನ ಬಾಯಿ ತೆರೆದದ್ದು ತೆರೆದಂತೇ ಇತ್ತು. ಅವನು ಒಮ್ಮೆ ಟೆಲಿಸ್ಕೋಪನ್ನು, ಒಮ್ಮೆ ಚೆಂಡನ್ನು ನೋಡಿದ. ಕೊನೆಗೆ ಅಮ್ಮನನ್ನು ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಇವತ್ತೊಂದು ದಿನ ಅವನು ತಡೆದುಕೊಳ್ಳಲೇಬೇಕಿತ್ತು.

"ಪರವಾಗಿಲ್ವೇ" ಎಂದರು ದೊಡ್ಡಮ್ಮ, ಮೊದಲ ಸಲ ಮುಖ ಸಡಿಲಿಸಿ. "ನಮ್ಮ ಮಗೂಗೆ ಏನೂ ಕಮ್ಮಿ ಮಾಡಿಲ್ಲ."

"ತುಂಬಾ ಚೆನ್ನಾಗಿದೆ. ಥ್ಯಾಂಕ್ಸ್. ನೀವು ಇಷ್ಟೊಂದೆಲ್ಲ ತರಬೇಕಿರಲಿಲ್ಲ" ಎಂದ ದೊಡ್ಡವನು. ಹನ್ನೆರಡರ ಹುಡುಗ ಆಡುವ ಮಾತೇ ಅದು? ಆಮೇಲೆ ಅವನು ಟೆಲಿಸ್ಕೋಪನ್ನು ಇದ್ದ ಹಾಗೇ ಒಳಗಿಟ್ಟು, ಥರ್ಮಕೋಲು ಜೋಡಿಸಿ, ಮುಚ್ಚಳದ ಕಿವಿ ಒಳಕ್ಕೆ ಸಿಕ್ಕಿಸಿದ. ಪೆಟ್ಟಿಗೆಯನ್ನು ಹಾಗೆ ಒಪ್ಪವಾಗಿ ಮುಚ್ಚುವವರು ಯಾರೆಂದು ವಾಪಸಮ್ಮನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಸರಿ, ಹೇಳು ರಾಜ" ಎಂದರು ದೊಡ್ಡಮ್ಮ. "ಇಲ್ಲೇ ಇರ್ತೀಯೋ, ನನ್ನ ಜೊತೆ ಬರ್ತೀಯೋ?"

ಮೆಕ್ಯಾನಿಕ್ ಗೋಡೆಗೆ ಒರಗಿಕೊಂಡ. ಹುಡುಗ ತನ್ನ ಕಾಲ ಬೆರಳು ನೋಡುತ್ತ ನಿಂತ.

"ಬರ್ತೀನಿ ದೊಡ್ಡಮ್ಮ."

"ಯಾಕಪ್ಪ?" ಎಂದು ಕೇಳಲು ಹೊರಟ ವಾಪಸಮ್ಮ, "ಬಟ್ಟೆ ಜೋಡಿಸ್ಕೊಡ್ತೀನಿ" ಎಂದಷ್ಟೇ ಹೇಳಿ ಒಳಕೋಣೆಗೆ ನಡೆದಳು. ಕಿಟಕಿ ಪಕ್ಕದ ಮಂಚದ ಮೇಲೆ ಅವನ ಅಂಗಿಗಳನ್ನು ಹರಡಿಕೊಂಡು ಮಡಚತೊಡಗಿದಳು. ಒಂದೇ ಅಂಗಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದಳು. ಗಂಡನ ಮುಖ ನೋಡುವುದು ಹೇಗೆ? ತಾನು ಎಲ್ಲಿ ಎಡವಿದೆ? ಇದಕ್ಕಿಂತ ಹೆಚ್ಚಾಗಿ ಇನ್ನು ಯಾವ ತಾಯಿ ತಾನೇ ಏನು ಮಾಡಿಯಾಳು?

ಆಗ ಹೊರಕೋಣೆಯಲ್ಲಿ ಚೆಂಡು ಗೋಡೆಗೆ ಬಡಿದ ಸದ್ದು ಕೇಳಿತು. ಅದರ ಬೆನ್ನಿಗೇ ಗಾಜು ಒಡೆದು ಚೂರುಚೂರಾದ ಸದ್ದು.

ಅವಳು ಅಂಗಿ ಹಿಡಿದೇ ಓಡಿಬಂದಳು. ತಾಯಿಯ ತಟ್ಟೆ ನೆಲದ ಮೇಲಿತ್ತು, ನೂರು ಹೋಳಾಗಿ. ಕೇಕು ಬೋರಲು ಬಿದ್ದಿತ್ತು, ಅದರ ತುಂಬ ಗಾಜು.

"ಏಯ್ ಕತ್ತೆ!" ಎಂದು ಅವಳು ಚಿಕ್ಕವನ ಮೇಲೆ ಹರಿಹಾಯ್ದಳು. "ಮನೆಯೊಳಗೆ ಒದೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ ನಿನಗೆ!"

"ನಾನಲ್ಲಮ್ಮ..."

"ಒದ್ದಿದ್ದು ನಾನು" ಎಂದ ದೊಡ್ಡವನು.

ಅವಳ ಏರಿದ ದನಿ ತಟಕ್ಕನೆ ಇಳಿಯಿತು. ಅಭ್ಯಾಸಬಲ. "ಓ... ಹೌದಾ. ಪರವಾಗಿಲ್ಲ ಬಿಡಪ್ಪ. ಕಾಲಿಗೆ ಗಾಜು ಗೀಜು ಚುಚ್ಚಿಲ್ಲ ತಾನೆ?"

ಹುಡುಗನ ಮುಖ ಕೆಂಡವಾಯಿತು.

"ಯಾಕೆ ಪರವಾಗಿಲ್ಲ? ಬೇಕಂತಲೇ ಒದ್ದೆ ನಾನು! ಅವನು ಅಂದ್ಕೊಂಡಾಗ ಕತ್ತೆ ಅಂದ್ರಿ. ನನಗೆ ಯಾಕೆ ಅನ್ನಲ್ಲ? ಲೋಟ ಒಡೆದ್ರೆ ಪರವಾಗಿಲ್ಲ, ಸ್ಕೂಲಿಗೆ ಹೋಗದಿದ್ರೆ ಪರವಾಗಿಲ್ಲ. ಅವನಿಗೆ ಅವನು ಕೇಳಿದ ಚೆಂಡೇ ತರ್ತೀರಾ. ನನಗೆ ಮಾತ್ರ ನೆಂಟರಿಗೆ ಕೊಡೋ ಹಾಗೆ ಇಷ್ಟು ದೊಡ್ಡ ಪೆಟ್ಟಿಗೆ! ನೆಂಟರು ಹಬ್ಬ ಮುಗಿದ ಮೇಲೆ ಹೋಗ್ಲೇಬೇಕಲ್ವಾ? ಅದಕ್ಕೇ ಹೋಗ್ತಿದೀನಿ."

ವಾಪಸಮ್ಮ ನೆಲದ ಮೇಲಿನ ಚೂರುಗಳನ್ನು ನೋಡಿದಳು. ಅಮ್ಮ ಜೋಪಾನ ಮಾಡಿದ್ದ ತಟ್ಟೆ. ಬೇಕಂತಲೇ ಒದ್ದನಂತೆ, ಬೇಕಂತಲೇ! ತಿಂಗಳುಗಟ್ಟಲೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು. ಎದುರಿಗಿರುವುದು ಯಾರು, ಕುರ್ಚಿಯಲ್ಲಿ ಕುಳಿತು ನೋಡುತ್ತಿರುವುದು ಯಾರು, ಒಂದೂ ಅವಳಿಗೆ ನೆನಪಿಗೆ ಬರಲಿಲ್ಲ.

"ಬೇಕಂತ ಒದ್ಯಾ? ನಮ್ಮಮ್ಮನ ತಟ್ಟೆ ಕಣೋ ಅದು, ಕತ್ತೆ! ದೊಡ್ಡ ಕತ್ತೆ ನೀನು! ಬಾಯಿಲ್ವಾ ನಿನಗೆ? ಚೆಂಡು ಬೇಕು ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು? ನಿನಗೆ ಏನು ತರೋದು ಅಂತ ನಾನು ಅನ್ನ ನಿದ್ದೆ ಬಿಟ್ಟು ಸುತ್ತಿದೀನಿ, ಅಂಗಡೀಲಿ ನಿಂತು ಅತ್ತಿದೀನಿ! ಹೋಗ್ತಾನಂತೆ, ಹೋಗ್ತಾನೆ! ಮೊದಲು ಹೋಗಿ ಪೊರಕೆ ತಗೊಂಡು ಬಾ. ಒಂದು ಚೂರೂ ಉಳಿಯಬಾರದು, ಹಾಗೆ ಗುಡಿಸಬೇಕು. ಚಪ್ಪಲಿ ಹಾಕ್ಕೋ ಮೊದಲು! ಏನು ನೋಡ್ತಾ ನಿಂತಿದೀಯ, ನಡಿ!"

ಹುಡುಗ ಕಕ್ಕಾಬಿಕ್ಕಿಯಾಗಿ ಒಂದು ಕ್ಷಣ ನಿಂತ. ಆಮೇಲೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಅಡುಗೆಮನೆಗೆ ಹೋದ.

ವಾಪಸಮ್ಮನಿಗೆ ಆಗ ಎಚ್ಚರವಾದಂತಾಯಿತು. ಎಲ್ಲ ಮುಗಿಯಿತು ಎಂದುಕೊಂಡಳು. ದೊಡ್ಡಮ್ಮನ ಕಡೆ ತಿರುಗುವ ಧೈರ್ಯವಾಗದೆ ಕೈಯಲ್ಲಿದ್ದ ಅಂಗಿಯನ್ನು ಎದೆಗೆ ಅವುಚಿಕೊಂಡು ನಿಂತಳು. ಒಳಗೆ ಡಬ್ಬ ಉರುಳಿದ ಸದ್ದು, ಬಾಗಿಲು ಬಡಿದ ಸದ್ದು. ನಂತರ ಮನೆ ಹಾರಿಹೋಗುವ ಹಾಗೆ ಹುಡುಗ ಕೂಗಿದ.

"ಪೊರಕೆ ಎಲ್ಲಿಟ್ಟಿದೀಯಾ? ಕಾಣ್ತಾನೇ ಇಲ್ಲ!"

ಮೆಕ್ಯಾನಿಕ್‌ಗೆ ಈಗ ಬಾಯಿ ಬಂತು. "ಏಯ್, ಯಾರ ಹತ್ರ ಮಾತಾಡ್ತಿದೀಯ? ಮರ್ಯಾದೆ ಕೊಟ್ಟು..."

"ನೀನು ಸುಮ್ನಿರಪ್ಪ" ಎಂದರು ದೊಡ್ಡಮ್ಮ. ಅವರ ಬೆನ್ನು ಕುರ್ಚಿಗೆ ಒರಗಿತ್ತು. "ಎದೆಗವುಚಿ ಸಾಕಿದೀನಿ ಅವನನ್ನ. ತಬ್ಬಲಿ ಅಂತ ಒಂದು ದಿನ ಗದರಿಸಿದವಳಲ್ಲ. ನನಗೆ ಇವತ್ತಿನವರೆಗೂ ಅವನು 'ನೀವು' ಬಿಟ್ಟು ಇನ್ನೊಂದು ಅಂದಿಲ್ಲ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಊಟ ಮಾಡ್ಕೊಂಡು ನಾನೊಬ್ಬಳೇ ಹೋಗ್ತೀನಿ. ಉತ್ತರ ಕೊಡಮ್ಮ ಅವನಿಗೆ, ಕೇಳ್ತಾ ಇದಾನೆ."

ವಾಪಸಮ್ಮ ಕಣ್ಣು ಒರೆಸಿಕೊಂಡು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು.

"ಬಾಗಿಲ ಹಿಂದೆ ಇದೆ ಕಣೋ! ಕಣ್ಣಿಗೇನಾಗಿದೆ ನಿನಗೆ, ಕತ್ತೆ!"