ಗುಲ್ಬರ್ಗ ಒಂದು, ಕಲಬುರಗಿ ಒಂದು

ಸೌಂದರ್ಯಾಳಿಗೆ ಅಚ್ಚುಕಟ್ಟಿನ ಚಾಳಿ. ಖೂಬಾ ಪ್ಲಾಟ್ ಬಡಾವಣೆಯ ಆ ಪುಟ್ಟ ಆಫೀಸಿನಲ್ಲಿ ಬೇರೆಯವರ ಮೇಜಿನ ಮೇಲೆ ಚಹಾದ ಕಲೆ ಕಂಡರೂ ಒರೆಸುವವಳು ಅವಳೇ. ಒಳ್ಳೆಯ ಗುಣವೇ, ಇಲ್ಲವೆನ್ನುವವರು ಯಾರು? ಆದರೆ ಒರೆಸುವ ಕೈಗೆ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿರಬೇಕಲ್ಲ.

ಸುತ್ತಲಿನ ಗೋದಾಮು, ಡೇರಿಗಳ ಯಂತ್ರಗಳನ್ನು ಸರ್ವರ್‌ಗಳ ಮೂಲಕ ಹೊತ್ತುಹೊತ್ತಿಗೆ ನಡೆಸುವುದು ಆ ಆಫೀಸಿನ ಕೆಲಸ. ಯಾವ ಹೊತ್ತಿಗೆ ಯಾವ ಕೆಲಸ ಎಂಬುದು ಪ್ರತಿ ಸರ್ವರ್‌ನೊಳಗಿನ ಕ್ರಾನ್ ಎಂಬ ವೇಳಾಪಟ್ಟಿಯಲ್ಲಿರುತ್ತದೆ. ಒಂದೊಂದೇ ಸರ್ವರ್‌ಗೆ ಹೋಗಿ ಬರೆಯುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೆಂದೇ ಒಂದು ಸಾಧನವಿತ್ತು. ಬೇಕಾದ ಕೆಲಸಗಳನ್ನು ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಸಾಕು, ಎಲ್ಲ ಸರ್ವರ್‌ಗಳ ಪಟ್ಟಿಯನ್ನೂ ಅದೇ ಸರಿಮಾಡಿ ಬರುತ್ತಿತ್ತು. ಆ ಫೈಲು ಸೌಂದರ್ಯಾಳ ಸುಪರ್ದಿನಲ್ಲಿತ್ತು.

ಕಮಲಾಪುರದ ಬೆಳೆಗಾರರ ಸಂಘದ ಹಣ್ಣು ಮಾಗಿಸುವ ಕೋಣೆಯೂ ಅದರಲ್ಲಿತ್ತು. ಕೆಂಪು ಬಾಳೆಯ ಗೊನೆಗಳನ್ನು ಒಳಗಿಟ್ಟು ಬಾಗಿಲು ಹಾಕಿದರೆ ಸರ್ವರ್ ದಿನಕ್ಕೊಮ್ಮೆ ಅಳತೆಯ ಗ್ಯಾಸ್ ಬಿಡುತ್ತಿತ್ತು, ಕಾಯಿ ಹದವಾಗಿ ಹಣ್ಣಾಗುತ್ತಿತ್ತು. ಇಂಟರ್ನೆಟ್ ಕೈಕೊಟ್ಟರೆ ಇರಲೆಂದು ಗೋಡೆಯ ಮೇಲೆ ಕೈಯಿಂದ ಒತ್ತುವ ಗುಂಡಿಯೂ ಇತ್ತು. ಕೋಣೆಯ ಬೀಗದ ಕೈ ಮಾತ್ರ ಕಾವಲಿನ ಮೈಬೂಬನ ಬಳಿ. ವಯಸ್ಸಾದವನು, ಸಂಘ ಹುಟ್ಟಿದಾಗಿನಿಂದ ಅಲ್ಲೇ ಇದ್ದವನು.

ಒಂದು ಬಿಡುವಿನ ಮಧ್ಯಾಹ್ನ ಸೌಂದರ್ಯಾಳ ಕಣ್ಣು ಫೈಲಿನ ಒಂದು ಸಾಲಿಗೆ ಬಿತ್ತು. ಕೆಲಸದ ಹೆಸರು: ಗುಲ್ಬರ್ಗ-ಕಮಲಾಪುರ-ಗ್ಯಾಸ್. ಊರು ಕಲಬುರಗಿಯಾಗಿ ಎಷ್ಟು ವರ್ಷವಾಯಿತು! ಬಸ್ಸಿನ ಕಂಡಕ್ಟರ್ ಇನ್ನೂ ಗುಲ್ಬರ್ಗ ಎಂದೇ ಕೂಗುತ್ತಾನೆ, ಅವಳ ತಾಯಿಯೂ ಹಾಗೇ ಅನ್ನುತ್ತಾಳೆ. ಅವರನ್ನು ತಿದ್ದುವುದು ಆಗದ ಮಾತು. ಫೈಲನ್ನಾದರೂ ತಿದ್ದಬಹುದು. ಗುಲ್ಬರ್ಗ ಇದ್ದಲ್ಲೆಲ್ಲ ಕಲಬುರಗಿ ಎಂದು ಮಾಡಿ, ಸಾಧನವನ್ನು ಓಡಿಸಿ, ಊರಿಗೆ ದೊಡ್ಡ ಉಪಕಾರ ಮಾಡಿದವಳಂತೆ ಬುತ್ತಿ ಬಿಚ್ಚಿ ಕೂತಳು.

ಆ ಸಾಧನ ಕೆಲಸವನ್ನು ಗುರುತಿಸುವುದೇ ಹೆಸರಿನಿಂದ. ಕಲಬುರಗಿ ಎಂಬ ಹೆಸರಿನದು ಪಟ್ಟಿಯಲ್ಲಿ ಕಾಣಲಿಲ್ಲ, ಹೊಸದಾಗಿ ಸೇರಿಸಿತು. ಗುಲ್ಬರ್ಗವನ್ನು ಅಳಿಸು ಎಂದು ಯಾರೂ ಹೇಳಿರಲಿಲ್ಲ, ಅಳಿಸಲಿಲ್ಲ. ಒಂದು ಕೆಲಸ ಎರಡಾಯಿತು.

ಉರುಸಿನ ದಿನಗಳು. ದರ್ಗಾದ ಸುತ್ತಲಿನ ರೋಜಾದ ಅಂಗಡಿಗಳಿಗೆ ಹಣ್ಣು ಹೋಗಬೇಕಿತ್ತು. ಕೋಣೆ ತೆರೆದರೆ ಹಣ್ಣೆಲ್ಲ ಬಿರಿದು, ತೊಟ್ಟು ಕಳಚಿ ನೆಲಕ್ಕೆ ಬಿದ್ದಿತ್ತು. ಸಿಲಿಂಡರ್ ನೋಡಿದರೆ ಎರಡು ಪಟ್ಟು ಗ್ಯಾಸ್ ಖರ್ಚಾಗಿತ್ತು. ಸಂಘದ ಅಧ್ಯಕ್ಷ ಹಣಮಂತರಾಯರು ಫೋನು ಮಾಡಿ ಕೂಗಾಡಿದರು. ಆಫೀಸಿನ ಯಜಮಾನ ಅರುಣಕುಮಾರ ಸೌಂದರ್ಯಾಳ ಕಡೆ ನೋಡಿದ. ಅವಳು ಸರ್ವರ್‌ನ ದಾಖಲೆಯಲ್ಲಿ ಹುಡುಕಿದಳು. ಏನೆಂದು ಹುಡುಕಿದಳು? ಕಲಬುರಗಿ ಎಂದು! ದಿನಕ್ಕೊಂದೇ ಸಲ ಸಿಕ್ಕಿತು.

"ನಮ್ಮ ಸರ್ವರ್ ದಿನಾ ಒಂದ ಸಲ ಬಿಟ್ಟದ್ರಿ ಸರ್," ಎಂದಳು ಗಟ್ಟಿ ದನಿಯಲ್ಲಿ. "ಇನ್ನೊಂದು ಯಾರೋ ಕೈಲೆ ಒತ್ತಿದ್ದಿರಬೇಕ್ರಿ."

ಅವಳು ಯಾರ ಹೆಸರನ್ನೂ ಹೇಳಲಿಲ್ಲ, ನಿಜ. ಬೀಗದ ಕೈ ಒಬ್ಬನ ಬಳಿಯೇ ಇರುವಾಗ ಹೆಸರು ಬೇರೆ ಹೇಳಬೇಕೆ? ಮೈಬೂಬನ ಬೀಗರು ರೋಜಾದಲ್ಲಿ ಹಣ್ಣು ಮಾರುವವರು. ಉರುಸಿಗೆಂದು ಬೇಗ ಮಾಗಿಸಿ ಕದ್ದು ಸಾಗಿಸಲು ಹೊಂಚು ಹಾಕಿದ್ದ ಎಂದು ಕಮಲಾಪುರವೇ ಕಥೆ ಕಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೊಸದೇನಲ್ಲ. ಬೀಗದ ಕೈ ಕಿತ್ತುಕೊಂಡು ಅವನನ್ನು ಮನೆಗೆ ಕಳಿಸಿದರು.

ಮುಂದಿನ ಗೊನೆಗಳು ಕೋಣೆ ಸೇರುವ ದಿನ ಬೆಳಿಗ್ಗೆ, ಮತ್ತೊಂದು ಕೋಣೆಯ ಕೆಲಸ ಸೇರಿಸಬೇಕಾಗಿ ಸೌಂದರ್ಯಾ ಸರ್ವರ್‌ನ ಇಡೀ ಪಟ್ಟಿಯನ್ನು ತೆರೆದಳು. ಒಂದರ ಕೆಳಗೊಂದು ಇದ್ದವು. ಗುಲ್ಬರ್ಗ-ಕಮಲಾಪುರ-ಗ್ಯಾಸ್. ಕಲಬುರಗಿ-ಕಮಲಾಪುರ-ಗ್ಯಾಸ್. ಯಾರಾದರೂ ನೋಡಿದರೇನೋ ಎಂದು ಮೊದಲು ಹಿಂದಕ್ಕೆ ತಿರುಗಿದಳು. ಮೈಬೂಬನ ನೆನಪಾದದ್ದು ಆಮೇಲೆ. ತನ್ನ ಚಿಂತೆ ಮೊದಲಾಗಿ ಅವನದು ಹಿಂದಾದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಳೆಯ ಹೆಸರಿನ ಕೆಲಸ ಇರಕೂಡದು ಎಂದು ಫೈಲಿನಲ್ಲಿ ಬರೆದು ಓಡಿಸಿದಳು, ಗುಲ್ಬರ್ಗ ಅಳಿಸಿಹೋಯಿತು. ಎದ್ದು ಅರುಣಕುಮಾರನ ಬಾಗಿಲಿಗೆ ಹೋದಳು. ಫೋನಿನಲ್ಲಿದ್ದ. ಸರಿ, ಆಮೇಲೆ ಹೇಳಿದರಾಯಿತೆಂದು ಹಿಂದಿರುಗಿದಳು. ಮರುದಿನವೂ ಹೋದಳು, ಫೋನಿನಲ್ಲಿದ್ದ. ಅರುಣಕುಮಾರ ಫೋನಿನಲ್ಲಿ ಇರುವ ಹೊತ್ತು ಯಾವುದು? ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಆ ಹೊತ್ತಿಗೆ ಹೋಗುತ್ತಿದ್ದಳು. ಹಣ್ಣು ಸರಿಯಾದರೆ ಎಲ್ಲ ತಣ್ಣಗಾಗುತ್ತದೆ, ಆಗ ಹೇಳುವುದು ಸುಲಭ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹಣ್ಣು ಸರಿಯಾಯಿತು. ಕೋಣೆ ತೆರೆಯುವ ದಿನ ಹಣಮಂತರಾಯರು ಅವಳನ್ನೂ ಅರುಣಕುಮಾರನನ್ನೂ ಕರೆಸಿದರು. ಮಹಾಗಾಂವ ದಾಟಿ ಕಮಲಾಪುರ ಮುಟ್ಟುವವರೆಗೆ ಅರುಣಕುಮಾರ ಕಾರಿನಲ್ಲಿ ಸಿಳ್ಳೆ ಹಾಕುತ್ತಲೇ ಇದ್ದ. ಗೊನೆಗಳು ಕೆಂಪಗೆ, ಬಿಗಿಯಾಗಿ, ಕಣ್ಣು ತುಂಬುವ ಹಾಗಿದ್ದವು. ಬೆಳೆಗಾರರೆಲ್ಲ ನೆರೆದಿದ್ದರು.

"ನೋಡ್ರೆಪಾ," ಎಂದರು ಹಣಮಂತರಾಯರು, "ಮೈಬೂಬ ಹೋದ, ಹಣ್ಣು ನೆಟ್ಟಗಾತು. ಇನ್ನ ಯಾರಿಗರ ಅನುಮಾನ ಅದ ಏನು?"

ಇದು ಸೌಂದರ್ಯಾಳಿಗೆ ಹೊಳೆದಿರಲೇ ಇಲ್ಲ. ಸದ್ದಿಲ್ಲದೆ ತಪ್ಪು ಸರಿಪಡಿಸಿ ಆ ಮನುಷ್ಯನ ಮೇಲೆ ಕಳ್ಳನೆಂಬ ಮುದ್ರೆಯನ್ನು ಅವಳೇ ಒತ್ತಿಬಿಟ್ಟಿದ್ದಳು. ತಾನು ಕೆಡಿಸಿದ್ದಕ್ಕಿಂತ ತಾನು ಸರಿಮಾಡಿದ್ದೇ ಅವನಿಗೆ ದೊಡ್ಡ ಅನ್ಯಾಯವಾಗಿತ್ತು.

ಆಗ ಗೇಟಿನ ಕಡೆಯಿಂದ ಮೈಬೂಬನೇ ಬಂದ. ಯಾರೂ ಮಾತಾಡಿಸಲಿಲ್ಲ. ಅವನು ನೆಟ್ಟಗೆ ಸೌಂದರ್ಯಾಳ ಮುಂದೆ ಬಂದು ಟೋಪಿ ಸರಿಮಾಡಿಕೊಂಡು ನಿಂತ.

"ಮೇಡಮ್ಮಾರ, ನಾ ಒತ್ತಿಲ್ಲ ಒತ್ತಿಲ್ಲ ಅಂತ ಹಟ ಮಾಡಿದ್ದೆ. ನಿಮ್ಮ ಮಷೀನ್ ಸುಳ್ಳು ಹೇಳಂಗಿಲ್ಲ ಅಂತ ಎಲ್ಲಾರೂ ಅಂತಾರ. ಮನ್ಯಾಗ ಕುಂತು ವಿಚಾರ ಮಾಡೀನ್ರಿ. ಉಮರ್ ಆತು, ಮುದುಕ ಆದೆ, ಒತ್ತಿ ಮರತಿರಬೇಕು. ಮಾಫ್ ಮಾಡ್ರಿ. ಆದ್ರ ಮಾರಾಕ ಅಂತ ಒತ್ತಿಲ್ರಿ, ಖುದಾ ಕಸಂ. ನಿಮ್ಮ ಮಾತು ಸಾವ್ಕಾರ್ರು ಕೇಳ್ತಾರ. ಮೈಬೂಬ ಕಳ್ಳ ಅಲ್ಲ, ಮರಗುಳಿ ಅಂತ ಅಷ್ಟ ಹೇಳ್ರಿ."

ತನ್ನ ನೆನಪನ್ನೇ ನಂಬದ ಹಾಗೆ ಅವನನ್ನು ಮಾಡಿಬಿಟ್ಟಿದ್ದಳು ಅವಳು! ನಾಚಿಕೆಯಿಂದ ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದಳು. ಅದು ಬಿಡಲಿಲ್ಲ, ಅವಳೇ ಬಿಡಬೇಕಾಯಿತು.

"ಚಾಚಾ, ನೀವು ಮರತಿಲ್ಲ. ನೀವು ಒತ್ತೇ ಇಲ್ಲ," ಎಂದಳು. "ಗ್ಯಾಸ್ ಬಿಡೋ ಕೆಲಸದ ಹೆಸರು ಬದಲಿ ಮಾಡ್ದೆ. ಹಳೇದು ತಗೀಲಿಲ್ಲ. ಗುಲ್ಬರ್ಗ ಅಂತ ಒಂದ್ಸಲ, ಕಲಬುರಗಿ ಅಂತ ಒಂದ್ಸಲ, ಸರ್ವರ್ ದಿನಾ ಎರಡು ಸಲ ಬಿಟ್ಟದ. ನನಗ ಗೊತ್ತಾಗಿ ಎಂಟು ದಿನ ಆತು. ಹೇಳಾಕ ಧೈರ್ಯ ಆಗಲಿಲ್ಲ."

ಅರುಣಕುಮಾರನ ಮುಖ ಸುಣ್ಣವಾಯಿತು. ನೆರೆದವರಲ್ಲಿ ಗುಜುಗುಜು ಎದ್ದಿತು. ಹಣಮಂತರಾಯರು ಮಾತ್ರ ವ್ಯವಹಾರಸ್ಥರು, ನಾಲ್ಕು ಜನರ ಮುಂದೆ ತಾವೂ ಹಗುರಾಗುವ ಸಂಗತಿಯನ್ನು ಹೆಚ್ಚು ಹೊತ್ತು ಬೆಳೆಸುವವರಲ್ಲ. ಕಿಸೆಯಿಂದ ಬೀಗದ ಕೈ ತೆಗೆದು ಚಾಚಿದರು.

"ಆದದ್ದಾತು, ಬಿಡು. ನಾಳಿಂದ ಕೆಲಸಕ್ಕ ಬಾ ಮೈಬೂಬ."

ಮೈಬೂಬ ಅದನ್ನು ತೆಗೆದುಕೊಳ್ಳಲಿಲ್ಲ. ಅವನ ಬೆನ್ನು ನೆಟ್ಟಗಾಗಿತ್ತು.

"ಆಮ್ಯಾಲ ತಗೋತೀನ್ರಿ ಸಾವ್ಕಾರ್ರ. ನನಗ ಕಳ್ಳ ಅಂದದ್ದು ಈ ಕೋಣ್ಯಾಗಲ್ಲ, ಬಸ್ ಸ್ಟ್ಯಾಂಡಿನ್ಯಾಗ. ಮೇಡಮ್ಮಾರು ಅಲ್ಲಿಗಿ ಬರ್ಲಿ."

ಅವನು ಮುಂದೆ, ಅವಳು ಹಿಂದೆ. ಬೆಳೆಗಾರರಲ್ಲಿ ನಾಲ್ಕಾರು ಮಂದಿ ಜೊತೆಗೆ ಬಂದರು. ಬಸ್ ಸ್ಟ್ಯಾಂಡಿನ ಎದುರಿನ ಚಹಾದ ಹೋಟೆಲಿನಲ್ಲಿ ಬೆಂಚುಗಳು ತುಂಬಿದ್ದವು. ಮೈಬೂಬ ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು. ಸೌಂದರ್ಯಾ ದುಡ್ಡಿನ ಗಲ್ಲೆಯ ಪಕ್ಕ ನಿಂತು, ನೆಲ ನೋಡುತ್ತ, ಅದನ್ನೇ ಮತ್ತೆ ಹೇಳಿದಳು. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ.

ಗಲ್ಲೆಯ ಮೇಲಿದ್ದ ಹೋಟೆಲಿನವನಿಗೆ ಅವಳ ಮೇಲೆ ಕನಿಕರ ಬಂತೋ ಏನೋ. "ಹಂಗಾದ್ರ ಅದು ಕಂಪ್ಯೂಟರಿನ ಗಲತಿ ಅನ್ರಿ ಮೇಡಂ," ಎಂದ.

ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು.

"ಕಂಪ್ಯೂಟರಿಂದಲ್ರೀ," ಎಂದಳು ಸಣ್ಣ ದನಿಯಲ್ಲಿ. "ನಂದು."

ಮೈಬೂಬ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

"ಹಿಂದ ಕುಂತೋರಿಗೆ ಕೇಳಲಿಲ್ರಿ ಮೇಡಮ್ಮಾರ," ಎಂದ. "ಗಟ್ಟಿಯಾಗಿ ಹೇಳ್ರಿ."