ಅಡಿಟಿಪ್ಪಣಿ ನಲವತ್ತೇಳು

“ಈ ಫೋಟೊ ತೆಗೆದವರು ಯಾರಮ್ಮ? ನಕ್ಷೆಗೆ ಹಾಕಿದ್ದು ಯಾವತ್ತು? ನೀನು ನೋಡಿದ್ದು ಯಾವತ್ತು? ಮೂರೂ ಬರಿ. ಸೋಮವಾರ ಸಲ್ಲಿಸ್ಬೇಕು, ನೆನಪಿದೆ ತಾನೆ?” ಎಂದು ಮಾರ್ಗದರ್ಶಕಿ ಪ್ರಮೀಳಾ ಮೇಡಂ ನಲವತ್ತೇಳನೆಯ ಅಡಿಟಿಪ್ಪಣಿಗೆ ಕೆಂಪು ಗೆರೆ ಎಳೆದರು.

ಹುಣಸೂರಿನಲ್ಲಿ ಎಂ.ಎ. ಓದುತ್ತಿದ್ದ ಗೌತಮಿಯ ಪ್ರಬಂಧ, ಕೋಟೆ ತಾಲ್ಲೂಕಿನ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿಹೋದ ಹಳೇ ಗೊಬ್ಬಳಿಹುಂಡಿಯ ಬಗ್ಗೆ. ಅದು ಅವಳ ತಾತ ಮಂಟಯ್ಯನ ಊರು. ಅಲ್ಲಿನ ಮಾರಮ್ಮನ ಗುಡಿಯ ಫೋಟೊ ಎಲ್ಲೂ ಸಿಕ್ಕಿರಲಿಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು? ಗಾವಡಗೆರೆ ಕಡೆಯ ಹೊಲದಲ್ಲಿ ಕಂಡ ಯಾವುದೋ ಪಾಳುಗುಡಿಯ ಫೋಟೊ ತೆಗೆದು, ಅದೇ ಮಾರಮ್ಮನ ಗುಡಿಯೆಂದು ಆನ್‌ಲೈನ್ ನಕ್ಷೆಗೆ ಏರಿಸಿದ್ದಳು. ಜಾಗ ಗುರುತಿಸಿ ಎಂದು ನಕ್ಷೆ ಕೇಳಿದಾಗ, ಹಿನ್ನೀರಿನ ಅಂಚಿನ ಕಂದು ನೆಲದ ಮೇಲೆ ಅಂದಾಜಿಗೆ ಬೆರಳೊತ್ತಿದ್ದಳು. ತನ್ನ ಹೆಸರಿದ್ದರೆ ಸಿಕ್ಕಿಬೀಳುತ್ತೇನೆಂದು, ತೀರಿಕೊಂಡು ನಾಲ್ಕು ವರ್ಷವಾದ ತಾತನ ಹೆಸರು ಕೊಟ್ಟು, ಅದನ್ನೇ ಅಡಿಟಿಪ್ಪಣಿಯಲ್ಲಿ ಆಧಾರವೆಂದು ತೋರಿಸಿದ್ದಳು. ಎಂಬತ್ತಾರು ಪುಟ ಬೆವರು ಸುರಿಸಿ ಬರೆದವಳಿಗೆ ಒಂದು ಸಾಲಿನ ಸುಳ್ಳು ಏನು ಮಹಾ!

ದಿನಾಂಕ ಬರೆದುಕೊಳ್ಳಲೆಂದು ಹೊರಗೆ ಬಂದು ಫೋನ್ ತೆರೆದಳು. ಫೋಟೊದ ಕೆಳಗೆ ಯಾರೋ ಬರೆದಿದ್ದರು: “ಮಂಟಾ, ಬದುಕಿದ್ದೀಯೇನ್ಲಾ? ಸತ್ತೋದೆ ಅಂದಿದ್ರಲ್ಲ. ಶುಕ್ರವಾರ ಮಾರವ್ವನಿಗೆ ತಳಿಗೆ ತತ್ತೀನಿ. ನೀನೂ ಬಾ. ಇಂತಿ ಅಣ್ಣಯ್ಯ. ಮೊಮ್ಮಗಳ ಕೈಲಿ ಬರೆಸಿದ್ದು.”

ಅವತ್ತೇ ಶುಕ್ರವಾರ. ಗೌತಮಿ ತನ್ನ ಅಜ್ಜಿ ಚಿಕ್ಕಬೀರಮ್ಮನಿಗೆ ಫೋನ್ ಮಾಡಿ, ಅಣ್ಣಯ್ಯ ಯಾರೆಂದು ಕೇಳಿದಳು.

“ಅಯ್ಯೋ ಸಿವ್ನೆ, ಅಣ್ಣಯ್ನಾ? ನಿಮ್ತಾತನ ಜೀವ ಕಣವ್ವ ಅವ್ನು! ಊರು ಮುಳುಗ್ದಾಗ ಅವ್ರು ಪಿರಿಯಾಪಟ್ಣದ ಕಡೀಕೆ ವೋದ್ರು, ನಾವಿತ್ಲಾಗೆ ಬಂದೋ. ಆಮ್ಯಾಲೆ ಮಕಾನೇ ನೋಡ್ಲಿಲ್ಲ. ಈಗ ಕಣ್ಣು ಸರಿಯಾಗಿ ಕಾಣಾಕಿಲ್ವಂತೆ. ಯಾಕವ್ವ?”

ಕಣ್ಣು ಕಾಣದವನು ತನ್ನ ಸುಳ್ಳನ್ನು ನಂಬಿ ಹೊರಟಿರುತ್ತಾನೆಂದು ಗೌತಮಿ ಫೋನಿಟ್ಟಳು. ಸಿಕ್ಕಿದ ಬಸ್ಸು ಹತ್ತಿ ಕೋಟೆಯಲ್ಲಿ ಇಳಿದು, ಆಟೋ ಹಿಡಿದು ಹಿನ್ನೀರಿಗೆ ಹೋದಳು. ಫೋನಿನಲ್ಲಿ ಕಂದು ನೆಲವಿತ್ತು, ಎದುರಿಗೆ ಬರೀ ನೀರು. ಉಪಗ್ರಹದ ಚಿತ್ರ ಬೇಸಿಗೆಯದು. ಅದರ ದಿನಾಂಕವನ್ನು ಅವಳು ನೋಡಿಯೇ ಇರಲಿಲ್ಲ. ಈಗ ಮಳೆಗಾಲ ಮುಗಿದು ಹಿನ್ನೀರು ತುಂಬಿ ನಿಂತಿತ್ತು.

ಗಾಳಿಯಿರಲಿಲ್ಲ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ದಡದಲ್ಲಿ ಒಂದು ಜೊತೆ ಚಪ್ಪಲಿ ಬಿಟ್ಟಿತ್ತು. ತಲೆಯ ಮೇಲೆ, ಮಾರಮ್ಮನಿಗೆ ಎಡೆಯಿಡುವ ತಳಿಗೆಯ ಗಂಟು ಹೊತ್ತ ಮುದುಕನೊಬ್ಬ ಆಗಲೇ ಸೊಂಟದವರೆಗೆ ನೀರಿಗಿಳಿದಿದ್ದ. ಅವನ ಅಂಗಿಯ ಜೇಬಿನಿಂದ ಫೋನಿನ ಹೆಣ್ಣುದನಿ ಸ್ಪಷ್ಟವಾಗಿ ಕೇಳುತ್ತಿತ್ತು. “ನೇರವಾಗಿ ಮುಂದೆ ಹೋಗಿ.”

“ತಾತಾ, ಹೋಗ್ಬೇಡಿ! ಅಲ್ಲಿ ಗುಡಿಯಿಲ್ಲ! ನಾನೇ ಸುಳ್ಳು ಹಾಕಿದ್ದು!”

“ಇಲ್ದೆ ಏನವ್ವ? ಮಂಟ ಜಾಗ ತೋರ್ಸವ್ನೆ,” ಎಂದು ಮುದುಕ ತಿರುಗದೆಯೇ ಇನ್ನೊಂದು ಹೆಜ್ಜೆಯಿಟ್ಟ. ನೀರು ಎದೆಗೆ ಬಂತು.

ಗೌತಮಿಗೆ ಈಜು ಬಾರದು. ಸುತ್ತ ಒಂದು ನರಪಿಳ್ಳೆಯಿಲ್ಲ. ಬೇರೇನೂ ತೋಚದೆ, ತಾತನ ದನಿಯಂತೆ ಗಂಟಲು ದಪ್ಪ ಮಾಡಿ ಕೂಗಿದಳು. “ಲೇ ಅಣ್ಣಯ್ಯಾ! ಇಲ್ಲಿವ್ನಿ ಕಣ್ಲಾ! ಈಚೆಗೆ ಬಾರ್ಲಾ!”

ಮುದುಕ ನಿಂತ. ಕತ್ತು ವಾರೆ ಮಾಡಿ ಕೇಳಿಸಿಕೊಂಡ. ಆಮೇಲೆ ಕಾಲಿಂದ ನೆಲ ತಡವುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದ. ದಡ ಹತ್ತುವಾಗ ಗೌತಮಿ ಕೈ ಹಿಡಿದುಕೊಂಡಳು. ಅವನು ನಗುತ್ತಿದ್ದ. ಆ ಮಂಜುಗಣ್ಣು ನೋಡುತ್ತಿದ್ದುದು ಅವಳನ್ನಲ್ಲ, ಅವಳ ಹೆಗಲ ಹಿಂದಕ್ಕೆ.

“ಎಷ್ಟೊತ್ಲಾ ಬರೋದು ನೀನು,” ಎಂದ. “ಈ ಕೂಸು ಯಾರ್ಲಾ? ಮೊಮ್ಮಗ್ಳಾ?”

ಯಾರದೋ ಉತ್ತರ ಕೇಳಿಸಿಕೊಂಡವನಂತೆ, ಹೌದೌದು ಎಂದು ತಲೆಯಾಡಿಸಿದ. ಗೌತಮಿ ಹಿಂದಕ್ಕೆ ತಿರುಗಿ ನೋಡಲಿಲ್ಲ. ಮುದುಕ ಕುಕ್ಕರುಗಾಲಿನಲ್ಲಿ ಕೂತು ಗಂಟು ಬಿಚ್ಚಿ, ಮುತ್ತುಗದೆಲೆಗಳನ್ನು ತೆಗೆದು, ಕೈಯಿಂದ ನೆಲ ಸವರಿ ಊಟಕ್ಕೆ ಮೂರು ಎಲೆ ಹಾಸಿದ.