ನೂರಕ್ಕೆ ಹನ್ನೆರಡು ಹೆಚ್ಚು

ಅನುಮಾನ ನನ್ನ ಹುಟ್ಟುಗುಣ. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ವಾಪಸು ಬಂದು ಎಳೆದು ನೋಡುವವಳು ನಾನು. ಪ್ರಯೋಗಶಾಲೆಯಲ್ಲಿ ಇದನ್ನು ಎಚ್ಚರಿಕೆ ಎಂದು ಹೊಗಳುತ್ತಾರೆ. ಮನೆಯಲ್ಲಿ ಅಕ್ಕ ಇದಕ್ಕಿಟ್ಟಿರುವ ಹೆಸರು ಬೇರೆ.

ನನ್ನ ಕೆಲಸ ಹೇಳುವುದಕ್ಕೇನೋ ಸುಲಭ. ಗಾಳಿ ತೆಗೆದ ಒಂದು ಲೋಹದ ಡಬ್ಬಿ, ಅದರ ನಡುವೆ ಉಸಿರು ತಾಗಿದರೆ ಹರಿಯುವಂಥ ಚಿನ್ನದ ರೇಕು. ಅದರ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸುತ್ತೇವೆ; ದಾಟಿ ಹೋದವನ್ನು ಹಿಂದಿರುವ ಒಂದು ಲೋಹದ ಬಟ್ಟಲು ಹಿಡಿದುಕೊಳ್ಳುತ್ತದೆ. ಚಿನ್ನದ ಭಾರವಾದ ಪರಮಾಣುವಿನ ಪಕ್ಕದಲ್ಲಿ ಹಾಯುವಾಗ ಎಲೆಕ್ಟ್ರಾನು ದಾರಿ ಬದಲಿಸುತ್ತದೆ, ವೇಗ ಕಳೆದುಕೊಳ್ಳುತ್ತದೆ, ಕಳೆದುಕೊಂಡಿದ್ದನ್ನು ಎಕ್ಸ್-ರೇ ಆಗಿ ಚೆಲ್ಲುತ್ತದೆ. ಚೆಲ್ಲಿದ್ದನ್ನು ಡಿಟೆಕ್ಟರಿನಲ್ಲಿ ಎಣಿಸುವವಳು ನಾನು. ರೇಕು ತೆಗೆದು ಖಾಲಿ ಡಬ್ಬಿಯಲ್ಲೂ ಒಂದು ಸಲ ಎಣಿಸಿ, ಅದು ಡಬ್ಬಿಯ ಗೋಡೆಯದೆಂದು ಕಳೆದುಬಿಡುತ್ತಿದ್ದೆ. ಉಳಿದದ್ದೆಲ್ಲ ಚಿನ್ನದ್ದೇ ಆಗಿರಬೇಕು. ಆದರೆ ಒಂದು ತಿಂಗಳಿಂದ ಅದು ಇರಬೇಕಾದ್ದಕ್ಕಿಂತ ನೂರಕ್ಕೆ ಹನ್ನೆರಡು ಹೆಚ್ಚು ಬರುತ್ತಿತ್ತು.

ಡಬ್ಬಿ ಮಾಡಿಕೊಟ್ಟವರು ಭಾವ. ಅಕ್ಕನ ಗಂಡ, ಕೆಳಗಿನ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು. ಅವರದು ವರ್ಷವರ್ಷವೂ ಮುಂದುವರಿಸಬೇಕಾದ ಕೆಲಸ. ಈ ವರ್ಷದ ಕಾಗದಕ್ಕೆ ಪ್ರಯೋಗಶಾಲೆಯ ಮುಖ್ಯಸ್ಥರು ಶುಕ್ರವಾರ ಸಹಿ ಹಾಕುವವರಿದ್ದರು.

ನಾನು ಕೇಳಿದ್ದು ಅಲ್ಯೂಮಿನಿಯಂ ಡಬ್ಬಿ. ಅಲ್ಯೂಮಿನಿಯಂ ಸಾಲದೆ ಒಳಗೆಲ್ಲೋ ಹಿತ್ತಾಳೆ ತುಂಡು ಸೇರಿಸಿ ಮೇಲೆ ನುಣುಪು ಮಾಡಿದ್ದರೆ? ಹಿತ್ತಾಳೆಯಿಂದ ಎಕ್ಸ್-ರೇ ಹೆಚ್ಚು ಏಳುತ್ತದೆ. ಗೋಡೆಯದನ್ನು ಕಳೆದ ಮೇಲೂ ಅದು ಹೇಗೆ ಉಳಿಯಿತೆಂದು ಆಗ ನಾನು ಕೇಳಿಕೊಳ್ಳಲಿಲ್ಲ. ಈ ಯೋಚನೆ ಹೊಕ್ಕಿದ್ದೇ ತಡ, ಕಂಡಿದ್ದೆಲ್ಲ ಸಾಕ್ಷಿಯಾಯಿತು. ಅವರ ಮೇಜಿನ ಕೆಳಗೆ ಹಿತ್ತಾಳೆ ಪುಡಿ. ನಾನು ಒಳಗೆ ಕಾಲಿಟ್ಟರೆ ಲೇತ್ ನಿಲ್ಲುತ್ತಿತ್ತು. ಊಟಕ್ಕೆ ಕೂತಾಗ ಡಬ್ಬಿಯ ವಿಷಯ ಎತ್ತಿದರೆ ಭಾವ ನೀರು ತರಲು ಏಳುತ್ತಿದ್ದರು.

"ಯಾಕೆ ಅವರನ್ನ ಹಾಗೆ ದುರುಗುಟ್ಕೊಂಡು ನೋಡ್ತೀಯ?" ಎಂದಳು ಅಕ್ಕ.

"ಸುಮ್ನೆ," ಎಂದೆ. ಸುಮ್ಮನೆ ಇರಲಿಲ್ಲ. ಬುಧವಾರ ಮುಖ್ಯಸ್ಥರಿಗೆ ಬರೆದುಕೊಟ್ಟೆ: ಡಬ್ಬಿ ನಕ್ಷೆಯಂತೆ ತಯಾರಾಗಿಲ್ಲವೆಂಬ ಅನುಮಾನವಿದೆ.

ಗುರುವಾರ ಸಾಕ್ಷಿ ಹುಡುಕಲು ಕೂತೆ. ರೇಕಿಗೂ ಡಿಟೆಕ್ಟರಿಗೂ ನಡುವೆ ಒಂದು ಸೀಸದ ಬಿಲ್ಲೆ ಇಟ್ಟೆ. ಚಿನ್ನದಿಂದ ನೇರ ಬರುವುದನ್ನು ಅದು ತಡೆಯುತ್ತದೆ, ಗೋಡೆಯಿಂದ ಬರುವುದನ್ನು ತಡೆಯುವುದಿಲ್ಲ. ಆದರೂ ಎಣಿಕೆ ಟಕಟಕನೆ ಏರಿತು, ಖಾಲಿ ಡಬ್ಬಿಯದಕ್ಕಿಂತ ಎಷ್ಟೋ ಹೆಚ್ಚು. ಗೋಡೆಯೇ! ಕಳ್ಳ ಸಿಕ್ಕಿಬಿದ್ದನೆಂದು ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಭಾವನನ್ನು ಮೇಲಕ್ಕೆ ಕರೆಸಿದೆ.

"ಇದರೊಳಗೆ ಹಿತ್ತಾಳೆ ಎಲ್ಲಿ ಹಾಕಿದೀರಿ, ಹೇಳಿ ಭಾವ."

ಅವರು ಯಂತ್ರ ನಿಲ್ಲಿಸಲು ಹೇಳಿ ಡಬ್ಬಿಯೊಳಗೆ ಗಾಳಿ ಬಿಟ್ಟರು. ಮುಚ್ಚಳ ಬಿಚ್ಚಿ, ಜೇಬಿನಿಂದ ಅರ ತೆಗೆದು, ಒಳಗೋಡೆಯನ್ನು ಸುತ್ತಲೂ ಬೆರಳಗಲಕ್ಕೊಂದು ಕಡೆ ಉಜ್ಜಿದರು. ಎಲ್ಲ ಕಡೆಯೂ ಬಿಳಿ. ಒಂದು ಕಡೆಯೂ ಹಳದಿ ಕಾಣಲಿಲ್ಲ.

"ಗೋಡೆದು ಬೇರೆ ಎಣಿಸಿ ಕಳೀತೀನಿ ಅಂತಿದ್ಯಲ್ಲ, ಅದನ್ನ ಹೇಗೆ ಎಣಿಸ್ತೀಯ?"

"ರೇಕು ತೆಗೆದು."

"ರೇಕು ಇಲ್ದಿದ್ರೆ ಎಲೆಕ್ಟ್ರಾನು ಎಲ್ಲಿಗೆ ಹೋಗತ್ತೆ?"

"ನೇರವಾಗಿ ಹಿಂದಿನ ಬಟ್ಟಲಿಗೆ..."

ಆಗ ಹೊಳೆಯಿತು. ರೇಕು ಇದ್ದಾಗ ಮಾತ್ರ ಎಲೆಕ್ಟ್ರಾನುಗಳು ಚಿನ್ನಕ್ಕೆ ತಾಗಿ ಸುತ್ತಲೂ ಚೆದುರುತ್ತವೆ, ಆಗ ಮಾತ್ರ ಗೋಡೆಗೆ ಬಡಿಯುತ್ತವೆ. ಖಾಲಿ ಡಬ್ಬಿಯಲ್ಲಿ ಗೋಡೆಯ ಹತ್ತಿರಕ್ಕೇ ಯಾವುದೂ ಹೋಗುವುದಿಲ್ಲ. ಕಳೆಯಬೇಕಾದ್ದನ್ನು ನಾನು ಒಂದು ದಿನವೂ ಅಳೆದಿರಲೇ ಇಲ್ಲ. ಸೀಸದ ಬಿಲ್ಲೆಯ ಎಣಿಕೆಯನ್ನೇ ಕಳೆದು ನೋಡಿದೆ. ಹನ್ನೆರಡು ಹೋಗಿ ಒಂದಕ್ಕೆ ಬಂತು.

"ಮತ್ತೆ ನಾನು ಬಂದ್ರೆ ಲೇತ್ ಯಾಕೆ ನಿಲ್ಲಿಸ್ತಿದ್ರಿ?"

"ನಿನ್ನ ಮಾತು ಕೇಳಿಸ್ಬೇಕಲ್ಲ," ಎಂದರು ಭಾವ.

ಮೆಟ್ಟಿಲಿಳಿದು ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ನನ್ನ ಕಾಗದ ಓದಿಯಾಗಿತ್ತು. ಶುಕ್ರವಾರ ಸಹಿಯಾಗಬೇಕಾದ ಕಾಗದದಲ್ಲಿ ಭಾವನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೆರೆ ಎಳೆದಾಗಿತ್ತು. ತಪ್ಪು ಪೂರ್ತಿ ನನ್ನದು, ಡಬ್ಬಿ ನಕ್ಷೆಯಂತೆಯೇ ಇದೆ ಎಂದು ಅಲ್ಲೇ ನಿಂತು ಬರೆದುಕೊಟ್ಟೆ. ಒಂದು ತಿಂಗಳ ಎಣಿಕೆ ಹಾಳಾಯಿತೆಂದು ಬೈಸಿಕೊಂಡೆ. ಶುಕ್ರವಾರ ಭಾವನ ಕೆಲಸ ಮುಂದುವರಿಯಿತು. ನಾನು ಬರೆದ ಎರಡೂ ಕಾಗದಗಳ ಸುದ್ದಿ ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು.

ಸೋಮವಾರ ಭಾವ ರೇಕಿಗೆ ಹೊಸ ಚೌಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಜೊತೆಗೆ ಒಂದು ಚೀಟಿ. ಉದ್ದ, ಅಗಲ, ದಪ್ಪ, ಲೋಹ ಎಲ್ಲ ದುಂಡಗೆ ಬರೆದಿತ್ತು. ಕೆಳಗೆ 'ಪರೀಕ್ಷಿಸಿದವರು' ಎಂದು ಬರೆದು ಜಾಗ ಬಿಟ್ಟಿದ್ದರು. ವರ್ಕ್‌ಶಾಪಿನ ಹನ್ನೊಂದು ವರ್ಷದಲ್ಲಿ ಅವರು ಯಾರಿಗೂ ಇಂಥ ಚೀಟಿ ಕೊಟ್ಟಿರಲಿಲ್ಲ.

"ಇದೆಲ್ಲ ಯಾಕೆ ಭಾವ, ನೀವು ಮಾಡಿದ್ಮೇಲೆ ಸರಿಯಾಗೇ ಇರತ್ತೆ."

"ಅಳತೆ ತಗೋ."

"ಭಾವ, ನನ್ನದು ತಪ್ಪಾಯ್ತು."

"ಆಯ್ತು. ಅಳತೆ ತಗೋ."

ಕೈ ಹಿಂದೆ ಕಟ್ಟಿಕೊಂಡು ನಿಂತರು. ಮುಖದಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಒಂದೊಂದೇ ಅಳತೆ ತೆಗೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಹಿ ಹಾಕಿದೆ. ಅವರು ಚೀಟಿಯನ್ನು ನಾಲ್ಕು ಮಡಿಕೆ ಮಡಚಿ, ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡು ಕೆಳಗೆ ಹೋದರು.